ಆನ್‌ಲೈನ್ ಹರಾಜಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಬಿಡ್ ಒತ್ತುವ ಮುನ್ನ ಈ ಅಪಾಯಗಳು ಗೊತ್ತಿರಲಿ

ಮಾರುಕಟ್ಟೆಯಲ್ಲಿ ಆರು ಲಕ್ಷ ರೂಪಾಯಿ ಬಾಳುವ ಕಾರು ಆನ್‌ಲೈನ್ ಹರಾಜಿನಲ್ಲಿ ನಾಲ್ಕು ಲಕ್ಷಕ್ಕೆ ಸಿಗುತ್ತದೆ ಎಂದರೆ ಯಾರಿಗಾದರೂ ಆಸೆಯಾಗುತ್ತದೆ. ಬ್ಯಾಂಕ್ ಜಪ್ತಿ ಮಾಡಿದ ಕಾರು, ವಿಮಾ ಕಂಪನಿ ಕೈಬಿಟ್ಟ ಕಾರು, ಕಂಪನಿಗಳು ಬಳಸಿ ಬಿಟ್ಟ ಕಾರು ಹೀಗೆ ನೂರಾರು ವಾಹನಗಳು ಈಗ ಮೊಬೈಲ್ ಪರದೆಯಲ್ಲೇ ಹರಾಜಾಗುತ್ತವೆ. ಮುಂಬೈನಲ್ಲಿ ಕುಳಿತವರು ದೆಹಲಿಯ ಯಾರ್ಡ್‌ನಲ್ಲಿರುವ ಕಾರಿಗೆ, ಹೈದರಾಬಾದ್‌ನಲ್ಲಿರುವವರು ಚೆನ್ನೈನ ಕಾರಿಗೆ ಬೆಲೆ ಕೂಗಬಹುದು.

ಆದರೆ ಶೋರೂಮ್‌ನಲ್ಲಿ ಕೊಳ್ಳುವುದಕ್ಕೂ ಹರಾಜಿನಲ್ಲಿ ಕೊಳ್ಳುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಹರಾಜಿನಲ್ಲಿ ಕಾರಿನ ಜತೆಗೆ ಅದರ ಅಪಾಯವೂ ಕೊಳ್ಳುವವರ ಹೆಗಲಿಗೆ ಬೀಳುತ್ತದೆ. ಬೆಲೆ ಕಡಿಮೆ ಇರುವುದಕ್ಕೆ ಮುಖ್ಯ ಕಾರಣವೂ ಅದೇ. ಎಂಜಿನ್ ಕೆಟ್ಟಿದ್ದರೆ ಹಣ ಕೊಟ್ಟು ರಿಪೇರಿ ಮಾಡಿಸಬಹುದು. ಕಾಗದಪತ್ರ ಕೆಟ್ಟಿದ್ದರೆ ಎಷ್ಟು ಹಣ ಸುರಿದರೂ ಕಾರು ನಿಮ್ಮ ಹೆಸರಿಗೆ ಆಗದೇ ಇರಬಹುದು. ಹಾಗಾಗಿ ಕಾರಿನ ಸ್ಥಿತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾರುತ್ತಿರುವವರು ಯಾರು, ಮಾರುವ ಹಕ್ಕು ಅವರಿಗೆ ಇದೆಯೇ?

ಹರಾಜಿಗೆ ಕಾರುಗಳು ಎಲ್ಲಿಂದ ಬರುತ್ತವೆ?

ಆನ್‌ಲೈನ್ ಹರಾಜಿಗೆ ಬರುವ ಕಾರುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಪ್ರತಿಯೊಂದರ ಅಪಾಯವೂ ಬೇರೆ.

ಮೊದಲನೆಯದು, ಸಾಲದ ಕಂತು ಕಟ್ಟದ ಕಾರಣಕ್ಕೆ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ವಶಕ್ಕೆ ಪಡೆದ ಕಾರುಗಳು. ಇಲ್ಲಿ ಮಾಲೀಕತ್ವದ ದಾಖಲೆಯೇ ತೊಡಕಿನ ಜಾಗ.

ಎರಡನೆಯದು, ಅಪಘಾತ ಅಥವಾ ಪ್ರವಾಹದಲ್ಲಿ ಹಾಳಾಗಿ, ವಿಮಾ ಕಂಪನಿ 'ಟೋಟಲ್ ಲಾಸ್' ಎಂದು ಪರಿಹಾರ ಕೊಟ್ಟ ನಂತರ ಮಾರಾಟಕ್ಕೆ ಬರುವ ಕಾರುಗಳು. ಕಾರಿನ ದೇಹಸ್ಥಿತಿ ಮತ್ತು ದಾಖಲೆ ಎರಡರಲ್ಲೂ ಅತಿ ಹೆಚ್ಚು ಅಪಾಯ ಇರುವುದು ಇವುಗಳಲ್ಲಿ.

ಮೂರನೆಯದು, ಸಾಮಾನ್ಯ ಮಾಲೀಕರು ಮಾರುವ ಕಾರುಗಳು. 2015ರಲ್ಲಿ ಆರಂಭವಾದ ಕಾರ್ಸ್24 ಮಾದರಿಯ ಕಂಪನಿಗಳು ಮಾಲೀಕರ ಕಾರನ್ನು ತಪಾಸಣೆ ಮಾಡಿ, ಡೀಲರ್‌ಗಳ ನಡುವೆ ಆನ್‌ಲೈನ್ ಹರಾಜು ನಡೆಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವು. ಈ ಹರಾಜಿನಲ್ಲಿ ಗ್ರಾಹಕ ನೇರವಾಗಿ ಬಿಡ್ ಮಾಡುವುದಿಲ್ಲ, ಗೆದ್ದ ಡೀಲರ್‌ನಿಂದ ಕೊಳ್ಳುತ್ತಾನೆ. ಡೀಲರ್ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮಾರಿದರೆ ಆರ್‌ಸಿಯಲ್ಲಿ ಹಳೆಯ ಮಾಲೀಕರ ಹೆಸರೇ ಉಳಿದಿರುತ್ತದೆ.

ನಾಲ್ಕನೆಯದು, ಸರ್ಕಾರಿ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ಮತ್ತು ಖಾಸಗಿ ಕಂಪನಿಗಳು ವಿಲೇವಾರಿ ಮಾಡುವ ವಾಹನಗಳು. ಸರ್ಕಾರಿ ವಾಹನಗಳ ಇ-ಹರಾಜು ಹೆಚ್ಚಾಗಿ ಕೇಂದ್ರ ಸರ್ಕಾರಿ ಸ್ವಾಮ್ಯದ ಎಂಎಸ್‌ಟಿಸಿ ಮೂಲಕ ನಡೆಯುತ್ತದೆ. ಇಲ್ಲಿ ಮಾರುವವರ ಬಗ್ಗೆ ಅನುಮಾನ ಕಡಿಮೆ. ಆದರೆ ವಾಹನವನ್ನು ರಸ್ತೆಯಲ್ಲಿ ಓಡಿಸಲು ಮಾರುತ್ತಿದ್ದಾರೋ, ಗುಜರಿಗೆ ಮಾರುತ್ತಿದ್ದಾರೋ ಎಂಬುದನ್ನು ನೋಡಲೇಬೇಕು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸಲಾಗುತ್ತಿಲ್ಲ. ಅಂಥವು ನೋಂದಾಯಿತ ಗುಜರಿ ಘಟಕಗಳಿಗೇ ಹೋಗಬೇಕು. ಹರಾಜಿನ ಪಟ್ಟಿಯಲ್ಲಿ ಹಳೆಯ ಜೀಪು ಚೆಂದ ಕಂಡಿತೆಂದು ಮನೆಗೆ ತಂದು ಓಡಿಸಲು ಆಗದು.

'ಇರುವಲ್ಲಿ, ಇರುವ ಹಾಗೆ' ಎಂದರೇನು?

ಬಹುತೇಕ ಎಲ್ಲ ಹರಾಜಿನ ಷರತ್ತುಗಳಲ್ಲೂ 'ಆ್ಯಸ್ ಈಸ್ ವೇರ್ ಈಸ್' ಎಂಬ ಮಾತು ಇರುತ್ತದೆ. ಕಾರು ಈಗ ಎಲ್ಲಿದೆಯೋ ಅಲ್ಲಿಂದ, ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ ತೆಗೆದುಕೊಂಡು ಹೋಗಬೇಕು ಎಂಬುದು ಇದರ ಅರ್ಥ. ಕೆಲವು ಕಡೆ 'ವಾಟೆವರ್ ದೇರ್ ಈಸ್' ಎಂದೂ ಸೇರಿಸಿರುತ್ತಾರೆ. ಸ್ಟೆಪ್ನಿ, ಬ್ಯಾಟರಿ, ಮ್ಯೂಸಿಕ್ ಸಿಸ್ಟಮ್, ಎರಡನೇ ಕೀ ಇಲ್ಲದಿದ್ದರೆ ಆಮೇಲೆ ಕೇಳುವಂತಿಲ್ಲ ಎಂದೇ ಲೆಕ್ಕ.

ಇನ್ನೂ ಎರಡು ಷರತ್ತುಗಳನ್ನು ಗಮನಿಸಬೇಕು. ಒಂದು, ಅತಿ ಹೆಚ್ಚು ಬೆಲೆ ಕೂಗಿದ ಮಾತ್ರಕ್ಕೆ ಕಾರು ನಿಮ್ಮದಾಗುವುದಿಲ್ಲ. ಬ್ಯಾಂಕ್ ಅಥವಾ ವಿಮಾ ಕಂಪನಿ ಆ ಬೆಲೆಗೆ ಒಪ್ಪಿಗೆ ಕೊಡಬೇಕು ಎಂಬ ಷರತ್ತು ಸಾಮಾನ್ಯ. ಎರಡು, ಗೆದ್ದ ನಂತರ ಹಿಂದೆ ಸರಿದರೆ ಮುಂಗಡ ಠೇವಣಿ ಮುಟ್ಟುಗೋಲು ಆಗುತ್ತದೆ. ನಿಗದಿತ ದಿನದೊಳಗೆ ಕಾರು ಎತ್ತದಿದ್ದರೆ ಯಾರ್ಡ್ ಬಾಡಿಗೆಯೂ ಬೀಳುತ್ತದೆ.

ಹರಾಜಿನ ನಿಯಮಗಳು ಪೂರ್ತಿ ಮಾರುವವರ ಪರವಾಗಿಯೇನೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 64ರ ಪ್ರಕಾರ, ಬೆಲೆ ಏರಿಸಲೆಂದೇ ಮಾರಾಟಗಾರರು ಸುಳ್ಳು ಬಿಡ್‌ಗಳನ್ನು ಹಾಕಿಸಿದ್ದರೆ ಆ ಮಾರಾಟವನ್ನು ರದ್ದುಪಡಿಸುವ ಹಕ್ಕು ಖರೀದಿದಾರರಿಗೆ ಇದೆ. ಅದೇ ಕಾಯ್ದೆಯ ಸೆಕ್ಷನ್ 27ರ ತತ್ವ ಇನ್ನೂ ಮುಖ್ಯ. ಮಾರುವವರಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಳ್ಳುವವರಿಗೂ ಸಿಗುವುದಿಲ್ಲ. ಕದ್ದ ಕಾರನ್ನು ನೀವು ಎಷ್ಟೇ ನಂಬಿಕೆಯಿಂದ, ಪೂರ್ತಿ ಹಣ ಕೊಟ್ಟು ಕೊಂಡಿದ್ದರೂ ಅದು ನಿಮ್ಮದಾಗುವುದಿಲ್ಲ. ಪೊಲೀಸರು ಅದನ್ನು ಜಪ್ತಿ ಮಾಡಿಕೊಂಡು ಹೋಗಬಹುದು.

ಆರ್‌ಸಿ ಯಾರ ಹೆಸರಿನಲ್ಲಿದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50ರ ಪ್ರಕಾರ, ಅದೇ ರಾಜ್ಯದೊಳಗೆ ಕಾರು ಮಾರಿದವರು 14 ದಿನಗಳಲ್ಲಿ, ಹೊರ ರಾಜ್ಯಕ್ಕೆ ಮಾರಿದರೆ 45 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಇದಕ್ಕೆ ಬಳಸುವುದು ಫಾರ್ಮ್ 29 ಮತ್ತು ಫಾರ್ಮ್ 30.

ಆದರೆ ಹಳೆಯ ಕಾರಿನ ವ್ಯಾಪಾರದಲ್ಲಿ ಬೇರೆಯೇ ರೂಢಿ ಬೆಳೆದುಬಂದಿತ್ತು. ಮಾಲೀಕರಿಂದ ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿಸಿಕೊಂಡ ಡೀಲರ್, ಕಾರನ್ನು ಇನ್ನೊಬ್ಬ ಡೀಲರ್‌ಗೆ ಮಾರುತ್ತಾನೆ. ಆತ ಮತ್ತೊಬ್ಬರಿಗೆ ಮಾರುತ್ತಾನೆ. ನಾಲ್ಕು ಕೈ ದಾಟಿದರೂ ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಇರುತ್ತದೆ. ಕೊನೆಗೆ ಕೊಂಡವರು ವರ್ಗಾವಣೆಗೆ ಹೋದಾಗ ಸಹಿ ಹೊಂದುವುದಿಲ್ಲ, ಮೊದಲ ಮಾಲೀಕರ ಮೊಬೈಲ್‌ಗೆ ಹೋಗುವ ಒಟಿಪಿ ಸಿಗುವುದಿಲ್ಲ, ಅಥವಾ ಅವರು ಊರಲ್ಲೇ ಇರುವುದಿಲ್ಲ.

ಇದರ ಪರಿಣಾಮ ಮಾರಿದವರಿಗೂ ತಟ್ಟುತ್ತದೆ. ಹೀಗೇ ಹಲವು ಕೈ ದಾಟಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಮಹತ್ವದ ತೀರ್ಪು ನೀಡಿತು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಕೋರ್ಟ್ ಹೇಳಿತು. ಊರು ಬಿಡುವ ಮುನ್ನ ಅವಸರದಲ್ಲಿ ಆ್ಯಪ್ ಮೂಲಕ ಕಾರು ಮಾರಿದವರು, ಹೆಸರು ಬದಲಾಗಿದೆಯೇ ಎಂದು ನೋಡಿಕೊಳ್ಳದಿದ್ದರೆ ವರ್ಷಗಳ ನಂತರವೂ ನೋಟಿಸ್ ಬರಬಹುದು.

ಡೀಲರ್‌ಗೆ ಅಧಿಕೃತ ಪ್ರಮಾಣಪತ್ರ ಇದೆಯೇ?

ಈ ಗೊಂದಲ ತಪ್ಪಿಸಲು ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಇದರಂತೆ ನೋಂದಾಯಿತ ಹಳೆಯ ವಾಹನಗಳ ವ್ಯಾಪಾರ ಮಾಡುವ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಇದರ ಅವಧಿ ಐದು ವರ್ಷ.

ಮಾಲೀಕರು ಕಾರನ್ನು ಡೀಲರ್‌ಗೆ ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಆ ಬಳಿಕ ಕಾರು ಮತ್ತೆ ಮಾರಾಟವಾಗುವವರೆಗೆ ಡೀಲರ್‌ನನ್ನೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ. ಆರ್‌ಸಿ ನವೀಕರಣ, ನಕಲು ಆರ್‌ಸಿ, ಎನ್‌ಒಸಿ, ವರ್ಗಾವಣೆಗೆ ಅರ್ಜಿ ಹಾಕುವ ಅಧಿಕಾರವೂ ಡೀಲರ್‌ಗೆ ಸಿಗುತ್ತದೆ. ಕಾರು ತನ್ನ ಬಳಿ ಇರುವಾಗ ಎಲ್ಲಿಗೆ ಓಡಿತು ಎಂಬುದರ ಎಲೆಕ್ಟ್ರಾನಿಕ್ ದಾಖಲೆಯನ್ನೂ ಆತ ಇಡಬೇಕು.

ಹಾಗಾಗಿ ಡೀಲರ್ ಬಳಿ ಕೇಳಬೇಕಾದದ್ದು ಎರಡು ಕಾಗದ: ಅಧಿಕೃತ ಪ್ರಮಾಣಪತ್ರ ಮತ್ತು ಆ ನಿರ್ದಿಷ್ಟ ಕಾರಿನ ಫಾರ್ಮ್ 29ಸಿ ಸ್ವೀಕೃತಿ. ಎರಡೂ ಇದ್ದರೆ ಮಾಲೀಕತ್ವದ ಸರಪಳಿ ದಾಖಲೆಯಲ್ಲಿದೆ ಎಂದರ್ಥ. 'ಅದೆಲ್ಲ ಆಮೇಲೆ ನೋಡೋಣ, ಮೊದಲು ಟೋಕನ್ ಹಣ ಹಾಕಿ' ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲುವುದು ಲೇಸು.

ಬ್ಯಾಂಕ್ ಜಪ್ತಿ ಕಾರು ಕೊಳ್ಳುವಾಗ

ಬ್ಯಾಂಕಿನ ಹೆಸರು ಕಂಡ ಕೂಡಲೇ ಎಲ್ಲವೂ ಸರಿಯಿದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಸಾಲಗಾರನಿಂದ ಕಾರು ವಶಕ್ಕೆ ಪಡೆದ ಮಾತ್ರಕ್ಕೆ ಆರ್‌ಸಿ ಬ್ಯಾಂಕಿನ ಹೆಸರಿಗೆ ಬದಲಾಗಿರುವುದಿಲ್ಲ. ಸಾಲಗಾರ ಆರ್‌ಸಿ ಕೊಡಲು ಒಪ್ಪದಿದ್ದರೆ ಅಥವಾ ತಲೆಮರೆಸಿಕೊಂಡಿದ್ದರೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 51ರ ಅಡಿ ಬ್ಯಾಂಕ್ ತನ್ನ ಹೆಸರಿಗೆ ಹೊಸ ಆರ್‌ಸಿ ಪಡೆಯಬಹುದು. ಇದಕ್ಕೆ ಫಾರ್ಮ್ 36ರಲ್ಲಿ ಅರ್ಜಿ ಹಾಕಬೇಕು. ಆರ್‌ಟಿಒ ಸಾಲಗಾರನಿಗೂ ತನ್ನ ವಾದ ಹೇಳಲು ಅವಕಾಶ ಕೊಡುತ್ತದೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ.

ಈ ಪ್ರಕ್ರಿಯೆ ಮುಗಿದಿದೆಯೇ, ಇಲ್ಲದಿದ್ದರೆ ಯಾರು ಮುಗಿಸಿಕೊಡುತ್ತಾರೆ, ಎಷ್ಟು ದಿನದಲ್ಲಿ ಎಂಬುದನ್ನು ಬಿಡ್‌ಗೆ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸಾಲ ತೀರಿದ ಬಗ್ಗೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಇಲ್ಲದೆ ಆರ್‌ಸಿಯಿಂದ ಸಾಲದ ನಮೂದು ತೆಗೆಯಲಾಗದು. ಜಪ್ತಿಯನ್ನೇ ಪ್ರಶ್ನಿಸಿ ಸಾಲಗಾರ ಕೋರ್ಟ್‌ಗೆ ಹೋಗಿದ್ದರೆ ಕಾರು ನಿಮ್ಮ ಮನೆ ಮುಂದೆ ನಿಂತಿದ್ದರೂ ಹೆಸರು ಬದಲಾವಣೆ ನಿಂತುಹೋಗಬಹುದು.

ಸರ್ಕಾರದ ಪರವಾಗಿ ನಡೆದ ಸಾರ್ವಜನಿಕ ಹರಾಜಿನ ವಾಹನಕ್ಕೆ ನಿಯಮ ಬೇರೆ. ವಾಹನ ವಶಕ್ಕೆ ಪಡೆದ 30 ದಿನಗಳಲ್ಲಿ ಫಾರ್ಮ್ 32ರಲ್ಲಿ ಅರ್ಜಿ ಹಾಕಬೇಕು. ಮಾರಾಟ ದೃಢೀಕರಿಸಿದ ಆದೇಶ, ಹರಾಜಿಗೆ ಅನುಮತಿ ನೀಡಿದ ಸರ್ಕಾರಿ ಆದೇಶದ ದೃಢೀಕೃತ ಪ್ರತಿ ಜತೆಗಿರಬೇಕು. ಇವನ್ನು ಹರಾಜಿನ ದಿನವೇ ಕೇಳಿ ಪಡೆಯುವುದು ಒಳ್ಳೆಯದು.

ಟೋಟಲ್ ಲಾಸ್ ಕಾರು: ಎರಡು ಬಗೆಯ ಅಪಾಯ

ರಿಪೇರಿ ವೆಚ್ಚ ಕಾರಿನ ವಿಮಾ ಮೌಲ್ಯ, ಅಂದರೆ ಐಡಿವಿಯ ಶೇ.75ನ್ನು ಮೀರಿದರೆ ವಿಮಾ ಕಂಪನಿಗಳು ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತವೆ. ಮಾಲೀಕರಿಗೆ ಪರಿಹಾರ ಸಿಗುತ್ತದೆ, ಉಳಿದ ಕಾರು ಸಾಲ್ವೇಜ್ ಎಂದು ಹರಾಜಾಗುತ್ತದೆ.

ಮೊದಲ ಅಪಾಯ ಕಾರಿನ ದೇಹಕ್ಕೆ ಸಂಬಂಧಿಸಿದ್ದು. 2005ರ ಜುಲೈ 26ರ ಮುಂಬೈ ಪ್ರವಾಹ, 2015ರ ಚೆನ್ನೈ ಪ್ರವಾಹ, 2020ರ ಅಕ್ಟೋಬರ್‌ನ ಹೈದರಾಬಾದ್ ಮಳೆ, 2022ರ ಸೆಪ್ಟೆಂಬರ್‌ನ ಬೆಂಗಳೂರು ಮಳೆ ಹೀಗೆ ಪ್ರತಿ ಬಾರಿ ನಗರ ಮುಳುಗಿದಾಗಲೂ ಕಾರುಗಳೂ ಮುಳುಗುತ್ತವೆ. ತೊಳೆದು, ಸೀಟ್ ಕವರ್ ಬದಲಿಸಿ, ಪಾಲಿಶ್ ಮಾಡಿದರೆ ಫೋಟೊದಲ್ಲಿ ಏನೂ ಕಾಣುವುದಿಲ್ಲ. ಆದರೆ ಇಸಿಯು, ಏರ್‌ಬ್ಯಾಗ್ ಮಾಡ್ಯೂಲ್, ವೈರಿಂಗ್‌ಗೆ ನುಗ್ಗಿದ ನೀರು ತಿಂಗಳುಗಳ ನಂತರ ತೊಂದರೆ ಕೊಡಲು ಶುರು ಮಾಡುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ನಿಲ್ಲಬಹುದು. ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ತೆರೆದುಕೊಳ್ಳದೇ ಇರಬಹುದು.

ಎರಡನೆಯ ಅಪಾಯ ಇದಕ್ಕಿಂತ ದೊಡ್ಡದು. ಕೆಲವು ಕಳ್ಳರ ಗುಂಪುಗಳು ಟೋಟಲ್ ಲಾಸ್ ಕಾರನ್ನು ಕೊಳ್ಳುವುದೇ ಅದರ ಕಾಗದಪತ್ರಕ್ಕಾಗಿ. ಅದೇ ಮಾದರಿ, ಅದೇ ಬಣ್ಣದ ಬೇರೊಂದು ಕಾರನ್ನು ಕದ್ದು, ಹಾಳಾದ ಕಾರಿನ ಚಾಸಿ ಸಂಖ್ಯೆ ಮತ್ತು ನಂಬರ್ ಪ್ಲೇಟನ್ನು ಅದಕ್ಕೆ ಹಾಕುತ್ತಾರೆ. ಆರ್‌ಸಿ ಅಸಲಿ, ಹೆಸರು ವರ್ಗಾವಣೆಯೂ ಆಗಬಹುದು. ಕಾರು ಮಾತ್ರ ಕದ್ದದ್ದು. ದೆಹಲಿ ಮತ್ತು ಉತ್ತರ ಪ್ರದೇಶದ ಪೊಲೀಸರು ಇಂಥ ಜಾಲಗಳನ್ನು ಭೇದಿಸಿದ್ದಾರೆ.

ವಾಹನ ಮತ್ತೆ ಬಳಸಲಾಗದಷ್ಟು ಹಾಳಾಗಿದ್ದರೆ ಮಾಲೀಕರು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದುಪಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55 ಹೇಳುತ್ತದೆ. ಎಲ್ಲರೂ ಹೀಗೆ ಮಾಡುವುದಿಲ್ಲ. ಕಳ್ಳರಿಗೆ ದಾರಿ ಸಿಗುವುದು ಇಲ್ಲೇ. ಟೋಟಲ್ ಲಾಸ್ ಆದ ಕಾರಿನ ಮಾಲೀಕರು ಪರಿಹಾರದ ಹಣ ಬಂದ ಕೂಡಲೇ ಸುಮ್ಮನಾಗದೆ, ಆರ್‌ಸಿ ಏನಾಯಿತು ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಬೇಕು.

ಫೋಟೊದಲ್ಲಿ ಕಾಣದ್ದು ಕಣ್ಣಿಗೆ ಕಾಣುತ್ತದೆ

ಹರಾಜಿನ ತಪಾಸಣಾ ವರದಿಯಲ್ಲಿ ಹತ್ತಾರು ಫೋಟೊಗಳಿರುತ್ತವೆ. ಆದರೆ ವರದಿಯ ಕೊನೆಯಲ್ಲಿ, ಇದರ ನಿಖರತೆಗೆ ನಾವು ಹೊಣೆಯಲ್ಲ ಎಂಬ ಸಾಲೂ ಸಾಮಾನ್ಯವಾಗಿ ಇರುತ್ತದೆ. ಯಾರ್ಡ್‌ಗೆ ಹೋಗಿ ನೋಡಲು ಅವಕಾಶ ಇದ್ದರೆ ತಪ್ಪಿಸಬೇಡಿ. ಬೇರೆ ಊರಾದರೆ ಅಲ್ಲಿನ ಪರಿಚಯದ ಮೆಕ್ಯಾನಿಕ್‌ಗೆ ಶುಲ್ಕ ಕೊಟ್ಟು ಕಳಿಸಿ. ಆ ಖರ್ಚು ಮುಂದಿನ ನಷ್ಟಕ್ಕಿಂತ ಚಿಕ್ಕದು.

ನೀರಿನಲ್ಲಿ ಮುಳುಗಿದ ಕಾರು: ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಗೆರೆ ಇರಬಹುದು. ಸೀಟಿನ ಕೆಳಗಿನ ಕಬ್ಬಿಣದ ಹಳಿಯಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಹೆಡ್‌ಲೈಟ್ ಒಳಗೆ ತೇವ, ಕಾರ್ಪೆಟ್ ಕೆಳಗೆ ಮುಗ್ಗಲು ವಾಸನೆ ಇದ್ದರೆ ಅನುಮಾನಿಸಿ. ಕಾರಿನೊಳಗೆ ಸುಗಂಧ ತೀರಾ ಗಾಢವಾಗಿದ್ದರೂ ಎಚ್ಚರ.

ಅಪಘಾತವಾದ ಕಾರು: ಬಾನೆಟ್, ಬಾಗಿಲುಗಳ ನಡುವಿನ ಸಂದು ಎರಡೂ ಬದಿ ಒಂದೇ ಅಳತೆಯಲ್ಲಿದೆಯೇ ನೋಡಿ. ಬೋಲ್ಟ್‌ಗಳ ಬಣ್ಣ ಎದ್ದಿದ್ದರೆ ಆ ಭಾಗವನ್ನು ಬಿಚ್ಚಿದ್ದಾರೆ. ಗಾಜುಗಳ ಮೇಲಿನ ತಯಾರಿಕಾ ಸಂಕೇತ ಒಂದರಲ್ಲಿ ಮಾತ್ರ ಬೇರೆ ಇದ್ದರೆ ಆ ಗಾಜು ಬದಲಾಗಿದೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಕೈಯಾಡಿಸಿರುವ ಸಾಧ್ಯತೆ ಇದೆ.

ತಿರುಚಿದ ಓಡೋಮೀಟರ್: ಡಿಜಿಟಲ್ ಮೀಟರ್‌ನ ಕಿಲೋಮೀಟರ್ ಸಂಖ್ಯೆಯನ್ನು ಉಪಕರಣ ಜೋಡಿಸಿ ಇಳಿಸುವುದು ಕಷ್ಟವೇನಲ್ಲ. 30,000 ಕಿ.ಮೀ. ಓಡಿದ್ದು ಎನ್ನುವ ಕಾರಿನ ಪೆಡಲ್ ರಬ್ಬರ್ ಸವೆದಿದ್ದರೆ, ಸ್ಟೀರಿಂಗ್ ನುಣುಪಾಗಿದ್ದರೆ ಲೆಕ್ಕ ಹೊಂದುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸರ್ವಿಸ್‌ನ ಕಿಲೋಮೀಟರ್ ದಾಖಲಾಗಿರುತ್ತದೆ. ಮಾಲೀಕರ ಮೂಲಕ ಆ ಸರ್ವಿಸ್ ಇತಿಹಾಸ ತರಿಸಿಕೊಳ್ಳಿ.

ಚಾಸಿ ಸಂಖ್ಯೆ: ಕಾರಿನ ಮೇಲೆ ಕೊರೆದಿರುವ 17 ಅಕ್ಷರ ಮತ್ತು ಅಂಕಿಗಳ ಸಂಖ್ಯೆ ಆರ್‌ಸಿಯಲ್ಲಿರುವುದಕ್ಕೆ ಅಕ್ಷರಕ್ಷರ ಹೊಂದಬೇಕು. ಅದರ ಸುತ್ತ ಉಜ್ಜಿದ, ಬೆಸುಗೆ ಹಾಕಿದ ಗುರುತು ಕಂಡರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಬಿಡ್ ಬೆಲೆಯೇ ಅಂತಿಮ ಬೆಲೆಯಲ್ಲ

ಲೆಕ್ಕ ತಪ್ಪುವುದು ಇಲ್ಲೇ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ನಾಲ್ಕು ಲಕ್ಷಕ್ಕೆ ಬಿಡ್ ಗೆದ್ದಿದ್ದೀರಿ. ಹರಾಜು ಸಂಸ್ಥೆಯ ಶುಲ್ಕ ಶೇ.3 ಎಂದುಕೊಂಡರೆ 12,000 ರೂ., ಅದರ ಮೇಲೆ ಶೇ.18 ಜಿಎಸ್‌ಟಿ 2,160 ರೂ. ಕಾರನ್ನು ಟ್ರಕ್‌ನಲ್ಲಿ ತರಿಸಲು 15,000, ಟೈರ್, ಬ್ಯಾಟರಿ ಮತ್ತು ರಿಪೇರಿಗೆ 45,000, ವರ್ಗಾವಣೆಗೆ 8,000, ವಿಮೆಗೆ 14,000, ಹಳೆಯ ಇ-ಚಲನ್ ಬಾಕಿ 6,000 ರೂ. ಎಲ್ಲ ಸೇರಿ 5,02,160 ರೂ. ಅಂದರೆ ಬಿಡ್ ಬೆಲೆಗಿಂತ ಕಾಲುಭಾಗ ಹೆಚ್ಚು. ಅದೇ ಬೆಲೆಗೆ ವಾರಂಟಿ ಕೊಡುವ ಡೀಲರ್ ಬಳಿಯೋ, ಪರಿಚಯದವರ ಬಳಿಯೋ ಇನ್ನೂ ಒಳ್ಳೆಯ ಕಾರು ಸಿಗುತ್ತಿತ್ತೇನೋ.

ಜಿಎಸ್‌ಟಿ ಬಗ್ಗೆ ಗೊಂದಲ ಬೇಡ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆ, ನೋಂದಾಯಿತ ವ್ಯಾಪಾರಿಗಳು ಮಾರುವ ಎಲ್ಲ ಹಳೆಯ ಕಾರುಗಳಿಗೂ ಶೇ.18ರ ಏಕರೂಪದ ದರ ಶಿಫಾರಸು ಮಾಡಿತು. ಆದರೆ ಈ ತೆರಿಗೆ ಕಾರಿನ ಪೂರ್ತಿ ಬೆಲೆಯ ಮೇಲಲ್ಲ, ವ್ಯಾಪಾರಿಯ ಲಾಭಾಂಶದ ಮೇಲೆ ಮಾತ್ರ. ಡೀಲರ್ 4 ಲಕ್ಷಕ್ಕೆ ಕೊಂಡು 4.5 ಲಕ್ಷಕ್ಕೆ ಮಾರಿದರೆ 50,000 ರೂ. ಮೇಲೆ 9,000 ರೂ. ತೆರಿಗೆ. ಜಿಎಸ್‌ಟಿ ನೋಂದಣಿ ಇಲ್ಲದ ಇಬ್ಬರು ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಇದು ಅನ್ವಯಿಸದು. ಪೂರ್ತಿ ಬೆಲೆಗೆ ಶೇ.18 ಕಟ್ಟಿ ಎಂದು ಯಾರಾದರೂ ಕೇಳಿದರೆ ಬಿಲ್ ತೋರಿಸಲು ಹೇಳಿ.

ಬೇರೆ ರಾಜ್ಯದ ಕಾರು ಅಗ್ಗವೇಕೆ?

ದೆಹಲಿಯ ಡೀಸೆಲ್ ಕಾರುಗಳು ಅಗ್ಗ ಎಂಬ ಮಾತು ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹರಿದಾಡುತ್ತದೆ. ಅದಕ್ಕೆ ಕಾರಣವಿದೆ. ದೆಹಲಿ ಮತ್ತು ಎನ್‌ಸಿಆರ್‌ನಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಜಾರಿಗೊಳಿಸಲು ಹೇಳಿತು. 2025ರ ಆಗಸ್ಟ್‌ನಲ್ಲಿ ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂಬ ಮಧ್ಯಂತರ ಆದೇಶವೂ ಬಂತು. ಈ ವಿಷಯದಲ್ಲಿ ಆದೇಶಗಳು ಬದಲಾಗುತ್ತಲೇ ಇರುವುದರಿಂದ, ಕೊಳ್ಳುವ ದಿನ ಯಾವ ಆದೇಶ ಜಾರಿಯಲ್ಲಿದೆ ಎಂದು ನೋಡಿಕೊಳ್ಳಬೇಕು.

ಅಗ್ಗವಾಗಿ ಸಿಕ್ಕ ಕಾರು ಊರಿಗೆ ಬಂದಾಗ ದುಬಾರಿಯಾಗಬಹುದು. ಒಂದು ರಾಜ್ಯದ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಸೆಕ್ಷನ್ 47ರ ಪ್ರಕಾರ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಹೊಸ ರಾಜ್ಯದ ರಸ್ತೆ ತೆರಿಗೆ ಕಟ್ಟಬೇಕು. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚು ಎನ್ನಬಹುದಾದ ಮಟ್ಟದಲ್ಲಿದೆ. ಹೊಸ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ.13ರಿಂದ ಶೇ.18, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿನ ಆಧಾರದಲ್ಲಿ ಇದು ಇಳಿಯುತ್ತದೆ, ಆದರೂ ಸಣ್ಣ ಮೊತ್ತವಲ್ಲ.

ಪುಣೆ ಅಥವಾ ಚೆನ್ನೈನಲ್ಲಿ ಹರಾಜಿನ ಕಾರು ಕೊಂಡು, ಮುಂದೆ ಹುಬ್ಬಳ್ಳಿಗೋ ಮಂಗಳೂರಿಗೋ ಮರಳುವ ಯೋಚನೆ ಇರುವವರು ಈ ತೆರಿಗೆಯನ್ನು ಬಿಡ್‌ಗೆ ಮೊದಲೇ ಲೆಕ್ಕ ಹಾಕಬೇಕು. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಿ ಅರ್ಜಿ ಹಾಕಬಹುದು, ಆದರೆ ಹಣ ಬೇಗ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಇನ್ನು 15 ವರ್ಷ ಮುಟ್ಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ನಿಂದ 5,000 ರೂ.ಗೆ ಏರಿದೆ ಎಂಬುದೂ ನೆನಪಿರಲಿ.

ವಿಮೆ ತಾನಾಗಿ ಬರುತ್ತದೆಯೇ?

ಅರ್ಧ ಮಾತ್ರ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 157ರಂತೆ ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕರಿಗೆ ವರ್ಗಾವಣೆಯಾಗಿದೆ ಎಂದೇ ಪರಿಗಣಿಸಲಾಗುತ್ತದೆ. ಆದರೆ ನಿಮ್ಮ ಕಾರಿಗೇ ಆದ ಹಾನಿಯ ವಿಮೆ ಹಾಗಲ್ಲ. 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಅಷ್ಟರೊಳಗೆ ಮಾಡಿಸದೆ ಅಪಘಾತವಾದರೆ ಕ್ಲೇಮ್ ತಿರಸ್ಕೃತವಾಗಬಹುದು. ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ಹಳೆಯ ಮಾಲೀಕರಿಗೆ ಸೇರಿದ್ದು. ಹಾಗಾಗಿ ಪ್ರೀಮಿಯಂ ಹೆಚ್ಚಾಗುತ್ತದೆ.

ಹರಾಜೇ ನಕಲಿಯಾಗಿದ್ದರೆ?

ಕಾರೇ ಇಲ್ಲದ ಹರಾಜುಗಳೂ ಇವೆ. ಸೇನೆ ಅಥವಾ ಸಿಐಎಸ್‌ಎಫ್ ಸಿಬ್ಬಂದಿ ಎಂದು ಹೇಳಿಕೊಂಡು, ವರ್ಗಾವಣೆಯಾಗಿದೆ, ಕಾರು ವಿಮಾನ ನಿಲ್ದಾಣದಲ್ಲಿ ನಿಂತಿದೆ, ಸಾಗಣೆ ಶುಲ್ಕ ಕಳಿಸಿ ಎನ್ನುವ ವಂಚನೆ ವರ್ಷಗಳಿಂದ ನಡೆದಿದೆ. ಪ್ರಸಿದ್ಧ ಬ್ಯಾಂಕಿನ ಹೆಸರು, ಲಾಂಛನ ಹಾಕಿದ ನಕಲಿ ಜಾಲತಾಣದಲ್ಲಿ ಜಪ್ತಿ ಕಾರುಗಳ ಪಟ್ಟಿ ತೋರಿಸಿ ಠೇವಣಿ ಕೇಳುವುದು ಇದರ ಇನ್ನೊಂದು ರೂಪ.

ಗುರುತಿಸುವುದು ಹೀಗೆ: ಹಣವನ್ನು ಸಂಸ್ಥೆಯ ಖಾತೆಗಲ್ಲದೆ ವ್ಯಕ್ತಿಯೊಬ್ಬರ ಯುಪಿಐಗೆ ಕೇಳುತ್ತಾರೆ. ಯಾರ್ಡ್ ತೋರಿಸಲು ನೆಪ ಹೇಳುತ್ತಾರೆ. ಇನ್ನರ್ಧ ಗಂಟೆಯಲ್ಲಿ ಹಣ ಹಾಕದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ಅವಸರಿಸುತ್ತಾರೆ. ಬ್ಯಾಂಕ್ ಹರಾಜು ಎಂದರೆ ಆ ಬ್ಯಾಂಕಿನ ಶಾಖೆಗೇ ಹೋಗಿ ಅಥವಾ ಅಧಿಕೃತ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಮೋಸ ಹೋದರೆ ಎಲ್ಲಿಗೆ ದೂರು?

ಆನ್‌ಲೈನ್ ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣ ಮುಂದಿನ ಖಾತೆಗೆ ಹೋಗುವ ಮುನ್ನ ತಡೆಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ವಂಚನೆ ಬೇರೆ ರಾಜ್ಯದಲ್ಲಿ ನಡೆದಿದ್ದರೂ ನೀವಿರುವ ಊರಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಬಹುದು.

ಕಾರಿನ ದೋಷ ಮುಚ್ಚಿಟ್ಟು ಮಾರಿದ್ದರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು 48 ಗಂಟೆಗಳಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಒಂದು ದೊಡ್ಡ ಅನುಕೂಲ ಕೊಟ್ಟಿದೆ: ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಸಲ್ಲಿಸಬಹುದು. ಪುಣೆಯಲ್ಲಿರುವವರು ದೆಹಲಿಯ ಡೀಲರ್ ವಿರುದ್ಧ ಪುಣೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ.

ಆದರೆ ಇಲ್ಲೊಂದು ಗಂಟು ಇದೆ. ಚಂಡೀಗಢದ ನಿವೇಶನಗಳ ಸಾರ್ವಜನಿಕ ಹರಾಜಿಗೆ ಸಂಬಂಧಿಸಿದ 2009ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇರುವ ಹಾಗೆಯೇ ಒಪ್ಪಿ ಹರಾಜಿನಲ್ಲಿ ಕೊಂಡವರು ಗ್ರಾಹಕರಲ್ಲ ಎಂದಿತ್ತು. ಆ ಪ್ರಕರಣ ಕಾರಿನದ್ದಲ್ಲ. ಆದರೂ ಎದುರಿನ ವಕೀಲರು ಈ ವಾದ ಮುಂದಿಡಬಹುದು. ಮರುಮಾರಾಟಕ್ಕೆಂದು ಕೊಂಡವರಿಗೂ ಗ್ರಾಹಕ ಕಾನೂನಿನ ರಕ್ಷಣೆ ಇಲ್ಲ. ಹಾಗಾಗಿ ಹರಾಜಿನಲ್ಲಿ ಗೆದ್ದ ಡೀಲರ್‌ನಿಂದ ಬಿಲ್ ಸಹಿತ ಕೊಳ್ಳುವುದಕ್ಕೂ, ನೀವೇ ಬಿಡ್ ಮಾಡಿ ಕೊಳ್ಳುವುದಕ್ಕೂ ಕಾನೂನಿನ ಆಸರೆಯಲ್ಲಿ ವ್ಯತ್ಯಾಸ ಬರಬಹುದು.

ಬಿಡ್‌ಗೆ ಮುನ್ನ 10 ಪರಿಶೀಲನೆ

1. ಪರಿವಾಹನ್ ಜಾಲತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ಸಾಲ, ವಿಮೆ, ಕಪ್ಪುಪಟ್ಟಿ ಸ್ಥಿತಿ ನೋಡಿ. ತೆಲಂಗಾಣದ ವಾಹನವಾದರೆ ಆ ರಾಜ್ಯದ ಸಾರಿಗೆ ಇಲಾಖೆ ಜಾಲತಾಣದಲ್ಲೂ ಪರಿಶೀಲಿಸಿ.

2. ಇ-ಚಲನ್ ಬಾಕಿ ನೋಡಿ. ಯಾರು ಕಟ್ಟಬೇಕು ಎಂಬುದು ಒಪ್ಪಂದದಲ್ಲಿ ಇರಲಿ.

3. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆನ್‌ಲೈನ್ ಸೇವೆಯಲ್ಲಿ ಕಳವು ವಾಹನಗಳ ಪಟ್ಟಿಯಲ್ಲಿ ಈ ಕಾರು ಇದೆಯೇ ಎಂದು ಹುಡುಕಿ.

4. ಡೀಲರ್‌ನ ಅಧಿಕೃತ ಪ್ರಮಾಣಪತ್ರ, ಫಾರ್ಮ್ 29ಸಿ ಸ್ವೀಕೃತಿ ಕೇಳಿ.

5. ಬ್ಯಾಂಕ್ ಕಾರಾದರೆ ಆರ್‌ಸಿ, ಎನ್‌ಒಸಿ, ಫಾರ್ಮ್ 35 ಯಾವಾಗ ಕೈಗೆ ಸಿಗುತ್ತದೆ ಎಂದು ಬರಹದಲ್ಲಿ ಪಡೆಯಿರಿ.

6. ಈ ಕಾರಿನ ಮೇಲೆ ಹಿಂದೆ ಟೋಟಲ್ ಲಾಸ್ ಕ್ಲೇಮ್ ಆಗಿದೆಯೇ ಎಂದು ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

7. ಹಿಂದೆ ಟ್ಯಾಕ್ಸಿಯಾಗಿ ಓಡಿ ಖಾಸಗಿಗೆ ಬದಲಾದ ಕಾರೇ ಎಂದು ನೋಂದಣಿ ಇತಿಹಾಸದಲ್ಲಿ ನೋಡಿ.

8. ಚಾಸಿ, ಎಂಜಿನ್ ಸಂಖ್ಯೆಯನ್ನು ಆರ್‌ಸಿ ಜತೆ ಹೋಲಿಸಿ. ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿ ಪರೀಕ್ಷಿಸಿ.

9. ಶುಲ್ಕ, ತೆರಿಗೆ, ಸಾಗಣೆ, ರಿಪೇರಿ ಎಲ್ಲ ಸೇರಿಸಿ ಒಟ್ಟು ಮೊತ್ತ ಬರೆದುಕೊಳ್ಳಿ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಗರಿಷ್ಠ ಬಿಡ್ ನಿಗದಿ ಮಾಡಿ. ಹರಾಜಿನ ಬಿಸಿಯಲ್ಲಿ ಆ ಗೆರೆ ದಾಟಬೇಡಿ.

10. ಹರಾಜಿನ ಪುಟ, ಫೋಟೊ, ಷರತ್ತು, ತಪಾಸಣಾ ವರದಿ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹರಾಜು ಮುಗಿದ ಮೇಲೆ ಆ ಪುಟ ಕಾಣದೇ ಹೋಗಬಹುದು, ಆಗ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಇದೊಂದೇ.

ಈ ಹತ್ತರಲ್ಲಿ ಎಲ್ಲಕ್ಕೂ ಉತ್ತರ ಸಿಕ್ಕ ಕಾರು ಹರಾಜಿನಲ್ಲೂ ಒಳ್ಳೆಯ ಖರೀದಿಯೇ. ಅಂಥ ಕಾರುಗಳು ಸಿಗುತ್ತವೆ, ಕೊಂಡು ನೆಮ್ಮದಿಯಾಗಿ ಓಡಿಸುವವರೂ ಇದ್ದಾರೆ. ಕಾರು ಎಷ್ಟೇ ಥಳಥಳಿಸುತ್ತಿರಲಿ, ಮಾರುವವರ ಹಕ್ಕು ಕಾಗದದಲ್ಲಿ ಸಾಬೀತಾಗದಿದ್ದರೆ ಬಿಡ್ ಬಟನ್ ಮೇಲಿಂದ ಬೆರಳು ತೆಗೆಯಿರಿ.